ಪರಿಮಳಾ ಹೆಸರಿನ ಕಾರ್ಡು

"ತಂಗೀ, ನಿಂಗೊಂದು ಸಂಬಂಧ ಬೈಂದು!"

ಯಲ್ಲಾಪುರದ ಬಸ್ಸಿಳಿದು, ಎರಡೂ ಕೈಗೆ ಹಪ್ಪಳದ ಕಟ್ಟು ನೇತುಹಾಕಿಕೊಂಡು, ಶಿರಸಿಯ ಮರಾಠಿಕೊಪ್ಪದ ಏರು ಹತ್ತಿ ಬಂದ ಪರಿಮಳಾಗೆ ಗೇಟಿನಲ್ಲೇ ಸಿಕ್ಕ ಸುದ್ದಿ ಇದು. ಹೇಳಿದವರು ಕಮಲಾಕರಣ್ಣ. ಕೆಳಗಿನ ಮನೆ ಅವರದು, ಮೇಲಿನ ಎರಡು ಕೋಣೆ ಅವಳಿಗೆ ಬಾಡಿಗೆಗೆ ಕೊಟ್ಟದ್ದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಅವರಿಗಿದ್ದ ಕೆಲಸ ಒಂದೇ, ಮದುವೆ ಕುದುರಿಸುವುದು. ಈ ತನಕ ಮೂವತ್ತೊಂಬತ್ತು ಆಗಿತ್ತು. ನಲವತ್ತನೆಯದು ಪರಿಮಳಾದೇ ಆಗಬೇಕೆಂಬ ಹಟ ಅವರಿಗೆ.

"ಎಂಥ ಸಂಬಂಧ ಕಮಲಾಕರಣ್ಣ? ಆನು ಯಾರ ಹತ್ರ ಕೇಳಿದ್ದೆ?"

"ನೀನು ಕೇಳವು ಹೇಳಿ ಇಲ್ಲೆ. ಮಾಣಿ ತಾನಾಗೇ ಬೈಕಲ್ಲಿ ಎರಡು ಸಲ ಬಂದಿದ್ದ. ಸ್ವಂತ ಮನೆಯಾ ಬಾಡಿಗೆಯಾ, ಎಷ್ಟು ವರ್ಷಾತು ಇಲ್ಲಿ ಬಂದು, ಮನೇಲಿ ಎಷ್ಟು ಜನ, ಆದಾಯ ಎಷ್ಟು, ಒಂದೂ ಬಿಟ್ಟಿದ್ನಿಲ್ಲೆ. ಮರೆತು ಹೋಗ್ತು ಹೇಳಿ ಕಾಗದದ ಮೇಲೆ ಬರ್ಕಂಡು ಬಂದಿದ್ದ ಮಾರಾಯ್ತಿ! ಎಷ್ಟು ಶಿಸ್ತು ನೋಡು."

ಪರಿಮಳಾ ಕಟ್ಟು ಕೆಳಗಿಟ್ಟಳು. "ನಿಂಗ ಎಂತ ಹೇಳಿದ್ರಿ?"

"ಎಲ್ಲ ಚಂದ ಮಾಡಿ ಹೇಳಿದ್ದೆ. ಪರಿಮಳಾ ಕೂಸು ಮನೆಲೇ ಇರ್ತು, ಕೆಲಸಕ್ಕೆ ಹೋಗ್ತಿಲ್ಲೆ, ಊರೂರು ತಿರುಗ್ತಿಲ್ಲೆ, ಖರ್ಚೆಲ್ಲ ಅಣ್ಣ ನೋಡ್ಕತ್ತ ಹೇಳಿ. ಅಭಿ ಅಣ್ಣನ ಮಗಳು, ಶಾಲೆಗೆ ಹೇಳಿ ಇಲ್ಲಿದ್ದು ಅಂದಿ."

ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕಾಲಿಡುವ ಮೊದಲು ನೆರೆಮನೆಯಲ್ಲಿ ಮೆಲ್ಲಗೆ ವಿಚಾರಿಸುವುದು ಈ ಸೀಮೆಯ ಪದ್ಧತಿ. ಹಾಗೆ ವಿಚಾರಿಸಿದಾಗ ನೆರೆಯವರು ಹುಡುಗಿಗೆ ಒಂದು ತೂಕ ಹೆಚ್ಚೇ ಕಟ್ಟಿ ಹೇಳುವುದೂ ಪದ್ಧತಿಯೇ. ಕಮಲಾಕರಣ್ಣನ ತಕ್ಕಡಿ ಅಂದು ಸ್ವಲ್ಪ ಜಾಸ್ತಿಯೇ ವಾಲಿತ್ತು.

"ಮಗಳನ್ನೇ ಇಲ್ಲೆ ಹೇಳಿ ಹೇಳಿದ್ರಾ?"

"ಮದ್ಲು ಬಂದು ನೋಡ್ಲಿ, ಹಿಡಿಸ್ಲಿ. ಮತ್ತೆ ಮೆಲ್ಲಕೆ ಹೇಳಿದ್ರಾತು."

ಮೆಟ್ಟಿಲ ಮೇಲೆ ಎಂಟು ವರ್ಷದ ಅಭಿಜ್ಞಾ ಕೂತಿದ್ದಳು. "ಆಯಿ, ಆನು ರಘು ಮಾವನ ಮಗಳನೇ?"

ಮಗಳನ್ನು ಎತ್ತಿಕೊಳ್ಳುವ ವಯಸ್ಸು ಮೀರಿತ್ತು, ಆದರೂ ಪರಿಮಳಾ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮೂರು ವಾರ ಕಳೆದು ಹುಬ್ಬಳ್ಳಿಯ ಬ್ಯಾಂಕಿನಿಂದ ಲಕೋಟೆ ಬಂತು. ತಮ್ಮ ಕ್ರೆಡಿಟ್ ಕಾರ್ಡ್ ಅರ್ಜಿಯಲ್ಲಿನ ವಿವರಗಳು ಸ್ಥಳ ಪರಿಶೀಲನೆಯಲ್ಲಿ ತಾಳೆಯಾಗದ ಕಾರಣ ಅರ್ಜಿಯನ್ನು ಮನ್ನಿಸಲಾಗುತ್ತಿಲ್ಲ. ಅವಳು ಎರಡು ಸಲ ಓದಿದಳು. ಬೈಕು. ಕಾಗದ. ಆದಾಯ ಎಷ್ಟು. ಎಲ್ಲ ಒಂದೊಂದಾಗಿ ಕೂಡಿಕೊಂಡು ಬಂದಾಗ ನಗಬೇಕೋ ಅಳಬೇಕೋ ತಿಳಿಯದೆ, ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟಳು.

ಆ ಕಾರ್ಡು ಅವಳಿಗೆ ಶೋಕಿಗೆ ಬೇಕಾಗಿರಲಿಲ್ಲ. ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಹತ್ತು ದಿನದ ಮೇಳ. ನಂದೊಳ್ಳಿ, ದೊಡ್ಮನೆಯ ಇಪ್ಪತ್ತೆರಡು ಹೆಂಗಸರು ಮಾಡಿದ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಗಳನ್ನು ಅವಳು ಅಲ್ಲಿಗೆ ಒಯ್ಯಬೇಕಿತ್ತು. ಮಳಿಗೆಯ ಬಾಡಿಗೆ, ರೈಲು, ಉಳಿಯುವ ರೂಮು, ಎಲ್ಲಕ್ಕೂ ಮೊದಲೇ ಕೊಡಬೇಕು. ಮಾರಾಟದ ಹಣ ಕೈಗೆ ಬರುವುದು ಆಮೇಲೆ. ಪುಣೆ, ಮುಂಬೈಗೆ ಹೋಗುವಾಗಲೆಲ್ಲ ಕಾನಸೂರಿನ ಅಣ್ಣ ರಘುಪತಿಯನ್ನು ಕೇಳುತ್ತಿದ್ದಳು. ಕೊಡುತ್ತಿದ್ದ, ಆದರೆ ಪ್ರತಿ ಸಲವೂ "ಒಬ್ಬಳೇ ಎಂತಕ್ಕೆ ಹೋಗವು?" ಎಂದು ಕೇಳಿಯೇ ಕೊಡುತ್ತಿದ್ದ. ದೆಹಲಿ ಎಂದಾಗ ಮಾತ್ರ ಅವನು ಕೇಳಲಿಲ್ಲ. "ಬ್ಯಾಡ" ಅಂದ.

ಗಂಡ ತೀರಿಕೊಂಡು ಐದು ವರ್ಷ. ಅಂದಿನಿಂದ ಮನೆಗೆ ಅಕ್ಕಿ, ಸಾಬೂನು, ಮಗಳ ಪೆನ್ಸಿಲು ಎಲ್ಲ ಅಡಿಕೆ ಬೆಳೆಗಾರರ ಸೊಸೈಟಿಯ ಅಂಗಡಿಯಿಂದಲೇ, ಅಣ್ಣನ ಮೆಂಬರ್ ನಂಬರಿನ ಮೇಲೆ. ಸೊಸೈಟಿಗೆ ಅಡಿಕೆ ಹಾಕುವ ಮನೆಗಳಲ್ಲಿ ನಡೆಯುವ ರೀತಿಯೇ ಹಾಗೆ: ಯಜಮಾನನ ನಂಬರು ಹೇಳಿದರೆ ಮನೆಮಂದಿಗೆಲ್ಲ ಸಾಮಾನು. ಅವಳು ದುಡಿಯುತ್ತಿದ್ದಳು, ಎರಡು ವರ್ಷದಿಂದ ಇನ್ಕಂ ಟ್ಯಾಕ್ಸ್ ರಿಟರ್ನ್ ಕೂಡ ತುಂಬುತ್ತಿದ್ದಳು. ಆದರೂ ಅಂಗಡಿಯ ಕಿಟಕಿಯಲ್ಲಿ ಅವಳು ಇನ್ನೊಬ್ಬರ ನಂಬರೇ ಆಗಿದ್ದಳು. ಬ್ಯಾಂಕಿನ ಅರ್ಜಿಯಲ್ಲಿ 'ಮುಖ್ಯ ಕಾರ್ಡುದಾರರ ಹೆಸರು' ಎಂಬ ಜಾಗದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಚೌಕಗಳಲ್ಲಿ ತುಂಬಿದ ದಿನ, ಪೆನ್ನಿನ ಮುಚ್ಚಳ ಹಾಕದೆ ಸುಮಾರು ಹೊತ್ತು ನೋಡುತ್ತ ಕೂತಿದ್ದಳು.

ಅವಳು ಬ್ಯಾಂಕಿನ ಪರವಾಗಿ ಮನೆ ಪರಿಶೀಲಿಸುವ ಏಜೆನ್ಸಿಗೆ ಫೋನ್ ಮಾಡಿದಳು. "ಬಂದಿದ್ರಲ್ಲ, ಅವರನ್ನೇ ಕಳಿಸಿ" ಅಂದಳು.

ಶನಿವಾರ ಅವನು ಬಂದ. ಬಾಗಿಲಲ್ಲಿ ನಿಂತು ಹೆಲ್ಮೆಟ್ ತೆಗೆದಾಗ ಹಣೆಯ ಮೇಲೆ ಅದರ ಗೆರೆ ಕೆಂಪಗೆ ಉಳಿದಿತ್ತು. ಕಣ್ಣು ಮಾತ್ರ ಯಾರೋ ಬೈಯಲಿರುವುದನ್ನು ಮೊದಲೇ ಒಪ್ಪಿಕೊಂಡವರ ಕಣ್ಣು.

"ಬನ್ನಿ, ಕೂತ್ಕಳಿ. ನಿಮ್ಮ ಹೆಸ್ರು ಎಂತದು?"

"ಭರತ್ ರೀ. ಬನವಾಸಿ ಕಡಿಂದ."

"ಸ್ವಂತ ಮನೆಯಾ, ಬಾಡಿಗೆಯಾ?"

"ರೀ?"

"ಎಷ್ಟು ವರ್ಷ ಆಯ್ತು ಅಲ್ಲಿ? ಮನೇಲಿ ಎಷ್ಟು ಜನ? ಆದಾಯ ಎಷ್ಟು?"

ಅವನಿಗೆ ಅರ್ಥವಾಯಿತು. ತುಟಿಯ ಒಂದು ಮೂಲೆಯಲ್ಲಿ ನಗು ಹುಟ್ಟಿ, ಇನ್ನೊಂದು ಮೂಲೆಗೆ ಹೋಗಲು ಹೆದರಿ ಅಲ್ಲೇ ನಿಂತಿತು. "ಸ್ವಂತ ಮನಿ ರೀ, ಮೂರು ಖೋಲಿ. ಅವ್ವ, ನಾನು, ಇಬ್ರೇ. ಆದಾಯ ಅಂದ್ರ, ಒಂದ್ ಮನಿ ನೋಡಿ ಬರದ್ರ ಅರವತ್ತು ರೂಪಾಯಿ."

"ಈ ಮನೆ ನೋಡಿದ್ದಕ್ಕೂ ಬಂತಾ ಅರವತ್ತು?"

"ಬಂತ್ರಿ."

"ಮನೆ ನೋಡಿದ್ರಾ?"

ಅವನು ತಲೆ ತಗ್ಗಿಸಿದ. "ಇಲ್ರಿ. ಗೇಟ್ ನೋಡಿದೆ."

ಅವಳಿಗೆ ಬೈಯುವುದಕ್ಕೆ ಬೇಕಾದಷ್ಟಿತ್ತು. ಆ ಉತ್ತರ ಕೇಳಿ ಅರ್ಧ ಕರಗಿಹೋಯಿತು. ಉಳಿದರ್ಧವನ್ನು ಬಿಡದೆ ಹಿಡಿದುಕೊಂಡು ಅವನನ್ನು ಮನೆಯೆಲ್ಲ ಸುತ್ತಿಸಿದಳು. ಇದು ರಿಟರ್ನ್ ತುಂಬಿದ ಫೈಲು. ಇದು ಪುಣೆಯ ಮಳಿಗೆಯ ಫೋಟೋ. ಇದು ಪೊಟ್ಟಣದ ಬಾಯಿ ಮುಚ್ಚುವ ಯಂತ್ರ, ಮುಟ್ಟಬೇಡಿ, ಬಿಸಿ ಇದೆ. ಕೊನೆಗೆ ಒಳಕೋಣೆಯ ಬಾಗಿಲಲ್ಲಿ ಇಣುಕುತ್ತಿದ್ದವಳ ಭುಜ ಹಿಡಿದು ಮುಂದೆ ನಿಲ್ಲಿಸಿದಳು.

"ಇದು ಅಭಿಜ್ಞಾ. ನನ್ನ ಮಗಳು. ನಾನೇ ಹೆತ್ತದ್ದು. ಬರ್ಕಳಿ."

"ಬರ್ಕಳಿ," ಅಂದಳು ಅಭಿಜ್ಞಾ ಕೂಡ.

ಭರತ್ ಜೇಬಿನಿಂದ ಪೆನ್ನು ತೆಗೆದ. ಬರೆದ. ಹೆಸರಿಗೆ ದೀರ್ಘ ಕೊಡಬೇಕೋ ಬೇಡವೋ ಎಂದು ಹುಡುಗಿಯನ್ನೇ ಕೇಳಿ, ಅವಳು ಹೇಳಿದಂತೆ ತಿದ್ದಿದ.

"ಎರಡು ಸಲ ಬಂದ್ರೂ ನೀವು ಸಿಗಲಿಲ್ರಿ," ಅಂದ ಅವನು. "ಸಿಗದಿದ್ರ ಮೂರನೇ ಸಲ ಬರಬೇಕಂತ ನಿಯಮ ಐತಿ. ಹುಬ್ಬಳ್ಳಿಯಿಂದ ಪೆಟ್ರೋಲು ನನ್ನ ಕೈಲಿಂದ. ಅಣ್ಣಾರು ಅಷ್ಟು ಚೊಲೋ ಹೇಳಿದ್ರು, ನಂಬಿ ಬರದೆ. ಅದೂ ಅಲ್ದ..." ಅವನು ತಡೆದ. "ಮದುವಿಗಂತ ನನ್ನ ಬಗ್ಗೆನೂ ಮೂರು ಊರಿನ ಹೆಣ್ಣಿನ ಕಡಿಯವ್ರು ವಿಚಾರಣೆ ಮಾಡ್ಯಾರ್ರಿ. ನೆರೆಮನಿಯವ್ರು ಕಾಯಂ ನೌಕರಿ ಇಲ್ಲ ಅಂದ್ರು. ಮೂರೂ ಕಡೆ ರಿಜೆಕ್ಟ್. ಇದು ಗೊತ್ತಿದ್ದೂ ನಿಮಗ ಹಿಂಗ ಮಾಡಿದ್ನಲ್ಲ. ಸೋಮವಾರ ಆಫೀಸಿಗೆ ಬರದು ಕೊಡ್ತೀನ್ರಿ, ನನ್ನ ರಿಪೋರ್ಟ್ ತಪ್ಪು, ಅರ್ಜಿ ಮತ್ತ ತಗೀರಿ ಅಂತ."

"ನಿಮ್ಮ ಕೆಲ್ಸಕ್ಕೆ ತೊಂದ್ರೆ ಆಗೂದಿಲ್ವಾ?"

"ಆಗತೈತ್ರಿ," ಎಂದ, ಚಾ ತಣ್ಣಗಾಗಿದೆ ಎನ್ನುವಷ್ಟೇ ಸರಳವಾಗಿ.

ಐದು ವರ್ಷದಿಂದ ಅವಳೆದುರು ಗಂಡಸರು ಉಪದೇಶ ಹೇಳಿದ್ದರು, ಸಮಾಧಾನ ಹೇಳಿದ್ದರು, ದಾರಿ ಹೇಳಿದ್ದರು. ತಪ್ಪು ನನ್ನದು ಎಂದು ಹೇಳಿದವನು ಇವನೊಬ್ಬನೇ.

ಹೋಗುವ ಮೊದಲು ಅವನು ಚೀಲದಿಂದ ಮೂರು ಬಣ್ಣದ ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಅರ್ಜಿ ಮತ್ತ ತಗದ್ರ ಬೇರೆ ಕಾರ್ಡೂ ಆರಿಸಬಹುದ್ರಿ. ಇದು ಬಂಗಾರದ ಬಣ್ಣದ್ದು, ದಿನದ ಖರ್ಚಿಗೆ, ನೂರು ರೂಪಾಯಿಗೆ ಎರಡು ಪಾಯಿಂಟು. ಇದು ನೀಲಿ, ವಿಮಾನದ್ದು. ಇದು ಹಸಿರು, ರೈಲಿಂದು. ನನ್ನ ಕೇಳಿದ್ರ ವಿಮಾನದ್ದು ತಗೋರಿ. ನಿಮಗ ಒಪ್ಪತೈತಿ."

"ಶಿರಸೀಲಿ ವಿಮಾನ ಎಲ್ಲಿ ಹತ್ತೂದು? ಮಾರಿಗುಡಿ ಎದುರಿಗಾ?"

ಅವನ ನಗು ಈ ಸಲ ಎರಡೂ ಮೂಲೆ ಮುಟ್ಟಿತು. ಪರಿಮಳಾ ಹಾಳೆಗಳತ್ತ ಕಣ್ಣು ಹೊರಳಿಸಿದಳು, ನೋಡಿದ್ದು ಅವನಿಗೆ ಗೊತ್ತಾಗದಿರಲಿ ಎಂದು. ಗೊತ್ತಾಗಿತ್ತು.

"ಬಣ್ಣ ನೋಡಿ ಆರಿಸೂದಿಲ್ಲ ನಾನು," ಅಂದಳು. "ಯಾವ ಅಂಗಡೀಲಿ ಕಾರ್ಡು ಉಜ್ಜೂ ಮಷೀನು ಇದೆ, ನನ್ನ ಖರ್ಚು ಎಲ್ಲೆಲ್ಲಿ ಬೀಳ್ತದೆ, ಸುತ್ತಿ ನೋಡ್ತೆ. ನೀವೂ ಬನ್ನಿ."

"ಅದು ಸೇಲ್ಸಿನವ್ರ ಕೆಲಸ ರೀ. ನಂದಲ್ಲ."

"ನಿಮ್ದು ಎಂತ ಕೆಲ್ಸ?"

"ಹೇಳಿದ್ದು ಖರೇ ಐತೇನಂತ ನೋಡೂದು."

"ಅದೇ ನೋಡನ, ಬನ್ನಿ."

ಹೀಗೆ ಶುರುವಾದವು ಅವರ ಶನಿವಾರಗಳು.

ಮೊದಲ ಶನಿವಾರ ಶಿರಸಿ. ಅವಳು ಮುಂದೆ, ಮಗಳು ನಡುವೆ, ಒಂದು ಮಾರು ಹಿಂದೆ ಅವನು. ಪೆಟ್ರೋಲ್ ಬಂಕಿನಲ್ಲಿ ಒಂದು ಮಷೀನು. ಬಟ್ಟೆ ಅಂಗಡಿ ಎರಡರಲ್ಲಿ. ಒಂದು ಮೆಡಿಕಲ್ ಶಾಪಿನಲ್ಲಿ ಇತ್ತು, ಅದರ ಮೇಲೆ ಟವೆಲ್ಲು ಹೊದಿಸಿ, ಟವೆಲ್ಲಿನ ಮೇಲೆ ಕ್ಯಾಲೆಂಡರ್ ಇಟ್ಟಿದ್ದರು. ಸೊಸೈಟಿ ಅಂಗಡಿಯಲ್ಲಿ ಕೇಳಿದಾಗ ಕಿಟಕಿಯವನಿಗೆ ಆಶ್ಚರ್ಯ. "ಕಾರ್ಡೆಂತಕ್ಕೆ ಅಕ್ಕ? ರಘುಪತಣ್ಣನ ನಂಬರು ಹೇಳಿ, ಸಾಕು." ಪರಿಮಳಾ ಹೊರಗೆ ಬಂದಳು. ಭರತ್ ಪಟ್ಟಿಯ ಹಾಳೆ ತೆಗೆದ. ಅಂಗಡಿಯ ಹೆಸರಿನ ಮುಂದೆ 'ಇಲ್ಲ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದ.

ಎರಡನೆಯ ಶನಿವಾರ ಸಿದ್ದಾಪುರ. ದೊಡ್ಮನೆಯಿಂದ ಹಪ್ಪಳ ತರುವುದೂ ಇತ್ತು. ಬೈಕಿನ ಹಿಂದೆ ಕೂರಲು ಅವಳು ಒಪ್ಪಲಿಲ್ಲ. "ಹಪ್ಪಳದ ಕಟ್ಟಿಗೆ ಬೈಕು, ನಂಗೆ, ಅಭಿಗೆ ಬಸ್ಸು" ಅಂದಳು. ಹಾಗಾಗಿ ದೊಡ್ಮನೆಯಿಂದ ಸಿದ್ದಾಪುರಕ್ಕೆ ಬಸ್ಸಿನ ಹಿಂದೆ ಬೈಕು ಬಂತು. ಹಿಂದಿನ ಸೀಟಿನಲ್ಲಿ ಕೂತಿದ್ದ ಅಭಿಜ್ಞಾ ಗಾಜಿಗೆ ಮೂಗು ಒತ್ತಿ ವರದಿ ಕೊಡುತ್ತಲೇ ಇದ್ದಳು: ಈಗ ತಿರುವಿನಲ್ಲಿ ಮರೆಯಾದ, ಈಗ ಬಂದ, ಈಗ ಕೈ ಬೀಸಿದ.

"ನೋಡೇ ಆಯಿ."

"ಆನೆಂತಕ್ಕೆ ನೋಡವು?" ಎನ್ನುತ್ತಲೇ ಪರಿಮಳಾ ನೋಡಿದಳು. ಚಳಿಗಾಲದ ಎಳೆ ಬಿಸಿಲು, ಕಣ್ಣು ಕಿರಿದು ಮಾಡಿಕೊಂಡು ಬರುತ್ತಿರುವವನು, ಅವನ ಬೆನ್ನಿಗೆ ಅಂಟಿ ಕುಳಿತ ಹಪ್ಪಳದ ಕಟ್ಟು. ಆ ಕಟ್ಟಿನ ಮೇಲೆ ಅವಳಿಗೆ ಒಂದು ಕ್ಷಣ ಹೊಟ್ಟೆಕಿಚ್ಚು ಬಂತು. ನಾಚಿಕೆಯಾಗಿ ಕಂಡಕ್ಟರನಿಂದ ಬರಬೇಕಿಲ್ಲದ ಚಿಲ್ಲರೆ ಕೇಳಿದಳು.

ಸಿದ್ದಾಪುರದಲ್ಲಿ ಕೇಳಿದ ಹದಿನಾಲ್ಕು ಅಂಗಡಿಗಳಲ್ಲಿ ಮಷೀನು ಒಂದೂ ಇರಲಿಲ್ಲ. ಕಿರಾಣಿ ಅಂಗಡಿಯ ಚನ್ನಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ಎಲ್ಲ ಕೇಳಿಸಿಕೊಂಡ. "ಅಲ್ಲ ಅಮ್ಮಾ, ಈಗ ತಗಂಡು ನಲವತ್ತೈದು ದಿನಕ್ಕೆ ಕೊಡೂದು ಅಂದ್ರೆ ಅದು ಉದ್ರಿಯೇ ಅಲ್ವಾ? ಅದಕ್ಕೆ ಮಷೀನು ಎಂತಕ್ಕೆ? ನಿಮ್ಮ ಮುಖ ನೋಡಿದ್ರೆ ಕೊಡ್ತೇನಲ್ಲ ನಾನು!"

"ನೀವು ಪಾಯಿಂಟು ಕೊಡ್ತ್ರಾ?" ಅಂದಳು ಪರಿಮಳಾ.

"ಎರಡು ಪೆಪ್ಪರ್‌ಮಿಂಟು ಕೊಡ್ತೇನೆ, ಆಗಬಹುದಾ?"

ಒಂದು ಅಭಿಜ್ಞಾ ಬಾಯಿಗೆ ಹೋಯಿತು. ಇನ್ನೊಂದನ್ನು ಭರತ್ ಪರಿಮಳಾ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಲಿಲ್ಲ, ಒಂದು ಕೂದಲಿನಷ್ಟು ಅಂತರವಿತ್ತು. ಆ ಅಂತರವನ್ನು ಅವಳು ಮನೆಯವರೆಗೂ ಕೈಯಲ್ಲಿ ಹಿಡಿದುಕೊಂಡೇ ಬಂದಳು.

ಮೂರನೆಯ ಶನಿವಾರ ಯಲ್ಲಾಪುರ. ಮಷೀನು ಇದ್ದದ್ದು ಹೆದ್ದಾರಿಯ ಬಂಕಿನಲ್ಲಿ ಮಾತ್ರ. ನಂದೊಳ್ಳಿಯ ಹೆಂಗಸರ ಹತ್ತಿರ ಸಾಮಾನು ತೂಗಿಸಿಕೊಂಡು, ಮೂವರೂ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತರು. ಅವಳು ಮೂರು ಹಾಳೆಯನ್ನೂ ಬಿಡಿಸಿ ಬನ್ಸಿನ ತಟ್ಟೆ ಬದಿಗಿಟ್ಟಳು.

"ಬಂಗಾರದ್ದು ಬ್ಯಾಡ. ದಿನದ ಖರ್ಚಿಗೆ ಅಂತಾರೆ, ನಮ್ಮ ದಿನದ ಖರ್ಚು ತಗೊಳ್ಳೂ ಅಂಗಡಿಲಿ ಮಷೀನೇ ಇಲ್ಲ. ಮೇಲಿಂದ ವರ್ಷಕ್ಕೆ ಸಾವಿರ ರೂಪಾಯಿ ಫೀಸು. ವಿಮಾನದ್ದಂತೂ ಹತ್ತು ವರ್ಷ ಹಪ್ಪಳ ಮಾರಿದ್ರೂ ಒಂದು ಟಿಕೆಟಿನ ಪಾಯಿಂಟು ಆಗೂದಿಲ್ಲ, ಆದ್ರೂ ಮೂರು ವರ್ಷಕ್ಕೆ ಸಾಯ್ತವೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ. ಹಸಿರು ಕಾರ್ಡು. ಫೀಸು ಕಮ್ಮಿ. ರೈಲು ಟಿಕೆಟಿಗೆ ಪಾಯಿಂಟು ಹೆಚ್ಚು, ಪೆಟ್ರೋಲು, ಔಷಧಿಗೆ ಸ್ವಲ್ಪ. ಪಾಯಿಂಟು ಕೂಡಿದ್ರೆ ಮತ್ತೆ ರೈಲು ಟಿಕೆಟೇ ಬರ್ತದೆ. ನಾನು ಹೋಗೂದು ರೈಲಲ್ಲಿ. ತಿಂಗಳ ಬಿಲ್ಲು ಪೂರಾ ಕಟ್ಟಿದ್ರೆ ಬಡ್ಡಿ ಇಲ್ಲ, ನಾನು ಕಟ್ಟೇ ಕಟ್ತೆ. ಆಯ್ತಲ್ಲ?"

ಅವಳು ತಲೆಯೆತ್ತಿದಾಗ ಅವನು ಹಾಳೆಯನ್ನಲ್ಲ, ಅವಳನ್ನು ನೋಡುತ್ತಿದ್ದ. ಈ ಸಲ ಕಣ್ಣು ತಗ್ಗಿಸಲಿಲ್ಲ.

"ಎಂತ?"

"ಏನಿಲ್ರಿ. ಐದು ವರ್ಷದಾಗ ನಾಕು ಸಾವಿರ ಮನಿ ನೋಡೀನಿ. ಸಣ್ಣ ಅಕ್ಷರ ಓದಿದವ್ರನ್ನ ಇವತ್ತೇ ನೋಡಿದ್ದು."

ಅವಳ ಕಿವಿ ಬಿಸಿಯಾಯಿತು. "ಬನ್ಸು ತಿನ್ನಿ, ತಣ್ಣಗಾಗ್ತು," ಎಂದಳು, ಮನೆಮಾತು ನಾಲಿಗೆಗೆ ತಾನಾಗಿ ಬಂದುಬಿಟ್ಟಿತು.

ಬಸ್ಸು ಹೊರಡುವ ಹೊತ್ತಿಗೆ ಅವನು ಕಿಟಕಿಯ ಹತ್ತಿರ ಬಂದ. ಹೇಳಬೇಕಾದದ್ದನ್ನು ದಾರಿಯುದ್ದ ಹೊತ್ತುಕೊಂಡು ಬಂದವನಂತಿದ್ದ.

"ನನ್ನ ಪತ್ರ ತಗೊಂಡಾರ್ರಿ. ಮೂರು ತಿಂಗಳ ಇನ್ಸೆಂಟಿವ್ ಕಟ್ ಮಾಡ್ಯಾರ, ಅದಿರ್ಲಿ. ನಿಮ್ಮ ಅರ್ಜಿ ಮತ್ತ ತಗೀತಾರ. ಪರಿಶೀಲನೆಗೆ ಬೇರೆ ಮನುಷ್ಯ ಬರ್ತಾನ. ಅಲ್ಲೀತನ ನಾನು ಈ ಕಡೆ ಸುಳೀಬಾರ್ದು ರೀ, ಫೋನೂ ಮಾಡಬಾರ್ದು. ಪರಿಚಯದವ್ರಿಗೆ ಮಾಡಿಸಿಕೊಟ್ಟ ಅಂತ ಯಾರೂ ಅನ್ನಬಾರ್ದು. ಕಾರ್ಡು ನಿಮ್ಮ ದುಡಿಮಿ ಮ್ಯಾಲೇ ಬರಬೇಕು."

"ಎಷ್ಟು ದಿನ?"

"ನಾಕು ವಾರ ಅಂತಾರ. ಐದಾದ್ರೂ ಆಗಬಹುದು."

"ಆಗ್ಲಿ," ಎಂದಳು ಅವಳು. ಬಸ್ಸು ಹೊರಟಿತು. ಆ ದಿನ ಹಿಂದೆ ಬೈಕು ಬರಲಿಲ್ಲ, ಹುಬ್ಬಳ್ಳಿಯ ರಸ್ತೆಗೆ ತಿರುಗಿತು. ಅಭಿಜ್ಞಾ ವರದಿ ಕೊಡಲಿಲ್ಲ.

ನಂತರದ ಶನಿವಾರಗಳಿಗೆ ಉದ್ದ ಹೆಚ್ಚು. ಪರಿಮಳಾ ಪೊಟ್ಟಣ ಕಟ್ಟಿದಳು, ಲೇಬಲ್ ಅಂಟಿಸಿದಳು, ಮಗಳ ಮಗ್ಗಿ ಕೇಳಿದಳು, ದೆಹಲಿಯವರಿಗೆ ಮಳಿಗೆಗೆ ಹತ್ತು ದಿನ ಗಡುವು ಕೊಡಿ ಎಂದು ಪತ್ರ ಬರೆದಳು. ಯಾವ ಬೈಕಿನ ಸದ್ದಾದರೂ ಕೈ ತಾನಾಗಿ ನಿಲ್ಲುತ್ತಿತ್ತು. ಇದೆಂತ ಹುಚ್ಚು, ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದುಕೊಂಡ ಮೇಲೂ ಕೈ ನಿಲ್ಲುತ್ತಿತ್ತು.

ಮೂರನೆಯ ವಾರ ಬಂದವನು ರಘುಪತಿ. ಕುರ್ಚಿಯಲ್ಲಿ ಕೂತು, ಶರ್ಟಿನ ಜೇಬು ತಟ್ಟಿಕೊಂಡ.

"ನಿನ್ನ ಕಾರ್ಡಿನ ರಗಳೆ ಕೇಳಿದಿ. ಎಂಗೆ ಎಂಗಳ ಬ್ಯಾಂಕಿನವು ತಾವಾಗೇ ಒಂದು ಕೊಟ್ಟಿದ್ದ. ಎನ್ನ ಹೆಸರಿನ ಕೆಳಗೆ ನಿಂಗೂ ಒಂದು ತೆಗೆಸ್ತೆ. ಆಡ್-ಆನ್ ಹೇಳ್ತ. ನೀನು ದುಡಿತ್ಯಾ ಇಲ್ಯಾ ಹೇಳಿ ಯಾರೂ ಕೇಳ್ತ್ವಿಲ್ಲೆ. ಬೇಕಾರೆ ಡೆಲ್ಲಿಗೂ ಹೋಗು, ಆನೇ ಒಂದು ಜನ ಮಾಡಿ ಕಳಿಸ್ತೆ."

"ಬಿಲ್ಲು ಯಾರಿಗೆ ಬರ್ತು?"

"ಎಂಗೆ," ಎಂದ ಅವನು, ತನ್ನ ಎದೆ ಮುಟ್ಟಿಕೊಂಡು.

"ಆನು ಎಲ್ಲಿ ಹೋದಿ, ಎಲ್ಲಿ ಉಳಿದಿ, ಎಂತ ಉಂಡಿ ಎಲ್ಲ ಅದರಲ್ಲಿ ಇರ್ತು."

"ಇದ್ರೆ ಎಂತಾತು? ಅಣ್ಣ ಅಲ್ದಾ ಆನು?"

"ಅಣ್ಣ ಹೌದು. ಐದು ವರ್ಷ ನೀನು ಅಕ್ಕಿ ಕೊಟ್ಟಿದ್ದೆ, ಆನು ಮರೆತಿದ್ನಿಲ್ಲೆ. ಆದ್ರೆ ಎಂಗೆ ಮೂವತ್ನಾಲ್ಕು ವರ್ಷಾತು ಅಣ್ಣ. ಇನ್ನೊಬ್ಬರ ಹೆಸರಿನ ಕೆಳಗೆ ಸಾಕು. ಬ್ಯಾಡ."

ಮೇಳಕ್ಕೆ ಇನ್ನುಳಿದಿದ್ದದ್ದು ಎರಡು ತಿಂಗಳು. ಆ ಕಾರ್ಡು ನಾಳೆಯೇ ಸಿಗುತ್ತಿತ್ತು. ತನ್ನದು ಬರುವುದೇ ಇಲ್ಲವೇನೋ.

ರಘುಪತಿ ಕುರ್ಚಿಯ ತುದಿಗೆ ಸರಿದ. "ಈ ಹಟ ಆ ಬೈಕಿನವ ಕಲಿಸಿದ್ದನಾ? ಊರೆಲ್ಲ ಹೇಳ್ತ. ಅಂವ ನಮ್ಮವ ಅಲ್ಲಡ."

"ಅಲ್ಲ. ಬನವಾಸಿ ಬದಿಯ ಲಿಂಗಾಯತರವ. ಅವನ ಅವ್ವನ ಹೆಸರು ಕಲ್ಲವ್ವ. ಅಂವ ಇಲ್ಲಿವರೆಗೆ ಎನ್ನ ಹತ್ರ ಎಂತದೂ ಕೇಳಿದ್ನಿಲ್ಲೆ. ಕೇಳಿದ್ರೆ ಆನು ಹೌದು ಹೇಳ್ತೆ. ಕಾರ್ಡು ಬಂದ್ರೂ ಹೇಳ್ತೆ, ಬರದೇ ಇದ್ರೂ ಹೇಳ್ತೆ."

ಬಾಯಿಂದ ಬಿದ್ದ ಮೇಲೆ ಅದು ಎಷ್ಟು ದಿನದಿಂದ ಒಳಗಿತ್ತು ಎಂದು ಅವಳಿಗೇ ತಿಳಿಯಿತು. ಮಾತು ಹಿಂದೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ರಘುಪತಿ ಬೆಲ್ಲ-ನೀರು ಕೂಡ ಮುಟ್ಟದೆ ಎದ್ದುಹೋದ.

ಡಿಸೆಂಬರ್ ಕೊನೆಯ ವಾರ ಹೊಸ ಪರಿಶೀಲನೆಯವನು ಬಂದಾಗ ಕಮಲಾಕರಣ್ಣ ಗೇಟಿನಲ್ಲೇ ಕಾದಿದ್ದರು. ಪ್ರಾಯಶ್ಚಿತ್ತಕ್ಕೆ ಸಿದ್ಧರಾಗಿದ್ದರು. "ಬರ್ಕಳಿ. ದುಡೀತಾಳೆ. ಊರೂರು ತಿರುಗ್ತಾಳೆ. ಪುಣೆಗೂ ಹೋಗಿ ಬಂದಾಳೆ. ಸ್ವಂತ ಮಗಳಿದ್ದಾಳೆ, ಎಂಟು ವರ್ಷ, ಗಣಿತದಲ್ಲಿ ಚುರುಕು. ಬಾಡಿಗೆ ಐದನೇ ತಾರೀಕು ದಾಟಿದ್ದಿಲ್ಲ. ಸಿಟ್ಟು ಸ್ವಲ್ಪ ಜಾಸ್ತಿ, ಅದನ್ನೂ ಬರ್ಕಳಿ, ಮತ್ತೆ ನಾ ಮುಚ್ಚಿಟ್ಟೆ ಅನ್ನಬೇಡಿ." ಮೇಲಿನಿಂದ ಪರಿಮಳಾ ಕೂಗಿದಳು, "ಕಮಲಾಕರಣ್ಣ, ಸಾಕು!" "ಕಂಡ್ರಾ?" ಎಂದರು ಅವರು.

ಜನವರಿ ಆರನೆಯ ತಾರೀಕು ಅಂಚೆಯವನು ಸಹಿ ಹಾಕಿಸಿಕೊಂಡು ಒಂದು ದಪ್ಪ ಲಕೋಟೆ ಕೊಟ್ಟ. ಹಸಿರು ಕಾರ್ಡು. ಅದರ ಮೇಲೆ ಉಬ್ಬಿದ ಅಕ್ಷರದಲ್ಲಿ ಅವಳ ಹೆಸರು. ಅವಳು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಓದಿದಳು. ಅಭಿಜ್ಞಾ ಕೂಡ ಓದಿದಳು. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ನೇರ ಸೈಬರ್ ಕೆಫೆಗೆ ಹೋದರು. ಮೊದಲು ಮಳಿಗೆಯ ಬಾಡಿಗೆ ಕಟ್ಟಿದಳು. ಆಮೇಲೆ ರೈಲು.

ಹುಬ್ಬಳ್ಳಿಯಿಂದ ದೆಹಲಿ, ಫೆಬ್ರುವರಿ ಹದಿನೇಳು. ಪ್ರಯಾಣಿಕರ ಹೆಸರು ಕೇಳುವ ಪುಟ ನಿಧಾನವಾಗಿ ತೆರೆಯಿತು. ಮೊದಲ ಸಾಲಿನಲ್ಲಿ ಪರಿಮಳಾ. ಎರಡನೆಯ ಸಾಲಿನಲ್ಲಿ ಅಭಿಜ್ಞಾ. ಮೂರನೆಯ ಸಾಲು ಖಾಲಿ. ಅವಳು ಅದನ್ನು ನೋಡಿದಳು. ಐದು ವಾರ ನೋಡಿದ ರಸ್ತೆಯಷ್ಟೇ ಖಾಲಿ.

"ಪುಟ ಹಾಂಗೇ ಇಟ್ರೆ ಎಕ್ಸ್‌ಪೈರ್ ಆಗ್ತದೆ ಅಕ್ಕಾ, ಮತ್ತೆ ಮೊದ್ಲಿಂದ ಮಾಡೂದಾಗ್ತದೆ," ಎಂದ ಕೆಫೆಯವನು.

ಪರಿಮಳಾ ಮೊಬೈಲು ತೆಗೆದಳು. ಎರಡೇ ರಿಂಗಿಗೆ ಅವನು ಎತ್ತಿದ.

"ಕಾರ್ಡು ಬಂತು," ಅಂದಳು.

ಆ ಕಡೆ ದೊಡ್ಡ ಉಸಿರು. "ಬಂತಾ? ಚೊಲೋ ಆತ್ರಿ. ಭಾಳ ಚೊಲೋ ಆತು. ನಾನು ಹಾವೇರಿಯಾಗ ಒಬ್ರ ಬಾಗಲಾಗ ನಿಂತೀನಿ, ಮನ್ಯಾಗ ಯಾರೂ ಇಲ್ಲ, ನೆರೆಯವ್ರನ್ನ ಕೇಳಂಗಿಲ್ಲ ಅಂತ ಕಾಯಾಕ್ಹತ್ತೀನಿ..."

"ನಿಮ್ಮ ವಯಸ್ಸೆಷ್ಟು?"

"ರೀ?"

"ಪೂರ್ತಿ ಹೆಸ್ರು, ವಯಸ್ಸು ಹೇಳಿ. ಬೇಗ. ಪುಟ ಎಕ್ಸ್‌ಪೈರ್ ಆಗ್ತು."

"ಯಾವ ಪುಟ ರೀ?"

"ಡೆಲ್ಲಿ ರೈಲಿಂದು. ಫೆಬ್ರುವರಿ ಹದಿನೇಳು. ಇವತ್ತಿಂದ ನಲವತ್ತೆರಡು ದಿನ ಇದ್ದು. ರಿಜಿಸ್ಟ್ರಾರ್ ಆಫೀಸಲ್ಲಿ ಮದ್ವೆ ನೋಟಿಸಿಗೆ ಮೂವತ್ತು ದಿನ ಬೇಕಡ, ಆನು ವಿಚಾರಿಸಿ ಬೈಂದೆ. ಸೋಮವಾರ ಕೊಟ್ರೆ ಹತ್ತು ದಿನ ಉಳೀತು. ಅಣ್ಣಂಗೆ ಹೇಳಿ ಆಯ್ದು. ಮಾತು ಬಿಟ್ಟಿದ್ದ, ಮುಂದೆ ಆಡ್ತ. ಅಭಿಗೆ ಕೇಳಿದ್ದೆ. ಅದು ಅಡ್ಡಿಲ್ಲೆ ಅಂತು. ನಿಮಗೆ ಬ್ಯಾಡದಿದ್ರೆ ಈಗ್ಲೇ ಹೇಳಿ, ಎರಡೇ ಟಿಕೆಟ್ ಮಾಡ್ತೆ. ನಾನು ಡೆಲ್ಲಿಗೆ ಹೋಗೂದು ಹೋಗೂದೇ."

ಅವಳ ಧ್ವನಿ ಗಟ್ಟಿಯಾಗಿತ್ತು. ಮೌಸಿನ ಮೇಲಿದ್ದ ಕೈ ಮಾತ್ರ ಬಾಣದ ಗುರುತನ್ನು ಪರದೆಯ ತುಂಬ ಅಲೆದಾಡಿಸುತ್ತಿತ್ತು. ಅಭಿಜ್ಞಾ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

ಹಾವೇರಿಯಲ್ಲಿ ಯಾರದೋ ಬಾಗಿಲ ಮುಂದೆ ಒಂದು ನಾಯಿ ಬೊಗಳಿತು. ಆಮೇಲೆ ಅವನ ದನಿ.

"ಐದು ವಾರದಿಂದ ಹೆಂಗ ಕೇಳಬೇಕಂತ ತಾಲೀಮು ಮಾಡಾಕ್ಹತ್ತಿದ್ದೆ ರೀ. ಕಾಯಂ ನೌಕರಿ ಇಲ್ಲದವ..."

"ಅದು ಎಂಗೆ ಗೊತ್ತಿದ್ದು. ವಯಸ್ಸು ಹೇಳಿ."

"ಮೂವತ್ತಾರು."

ಅವಳು ಟೈಪ್ ಮಾಡಿದಳು.

"ನನ್ನ ಟಿಕೀಟಿನ ರೊಕ್ಕ ನಾ ಕೊಡ್ತೀನಿ ಮತ್ತ."

"ಏನೂ ಬ್ಯಾಡ. ಮೂರು ಟಿಕೆಟಿನ ಪಾಯಿಂಟೂ ಎನ್ನ ಕಾರ್ಡಿಗೇ ಬರವು," ಎಂದಳು. ಆಗ ಮೊದಲ ಸಲ ಅವಳಿಗೆ ನಗು ಬಂತು. ಆ ಕಡೆ ಅವನೂ ನಗುತ್ತಿದ್ದ. ನಗು ಮುಗಿದ ಮೇಲೂ ಇಬ್ಬರೂ ಫೋನು ಇಡಲಿಲ್ಲ.

"ಪರಿಮಳಾ," ಎಂದ ಅವನು. ರೀ ಇರಲಿಲ್ಲ.

"ಎಂತ?"

"ದಿಲ್ಲಿಯಾಗ ಚಳಿ ಭಾಳ ಅಂತ. ಅಭಿಗೆ ಸ್ವೆಟರ್ ನಾ ತರ್ತೀನಿ. ಅದಕ್ಕ ಬ್ಯಾಡ ಅನಬ್ಯಾಡ."

ಕೆಫೆಯವನು ಬೇರೆ ಕಡೆ ನೋಡತೊಡಗಿದ. ಪರಿಮಳಾ ಕೆನ್ನೆ ಒರೆಸಿಕೊಂಡಳು, ಕಾರ್ಡಿನ ಹದಿನಾರು ಅಂಕಿ ತಪ್ಪದೆ ತುಂಬಿದಳು, ಗುಂಡಿ ಒತ್ತಿದಳು.

ಮಗಳು ಪರದೆಗೆ ಮುಖ ಹತ್ತಿರ ಮಾಡಿ ಗಟ್ಟಿಯಾಗಿ ಓದಿ ಹೇಳಿದಳು: ಮೂರೂ ಸೀಟು ಕನ್ಫರ್ಮ್ ಆಯ್ದು.